ಮೊರದಲ್ಲಿ ಬೆರೆತ ಎರಡು ಕಾಡುಗಳು

ಸಿಂಚನಾ, ಹೇಮಂತ, ಇದು ನಿಮ್ಮಜ್ಜಿ ನಿಮ್ಮಿಬ್ಬರಿಗೂ ಬರೆದದ್ದು. ಆದರೆ ಸಿಂಚನಾ ಮೊದಲು ಓದಲಿ, ಅವಸರ ಇರುವುದು ಅವಳಿಗೆ.

ಮಗಳೇ, ಬರುವ ತಿಂಗಳು ನೀನು ತರಬೇತಿಗೆಂದು ಹೋಗುವ, ಒಣಗಿಸಿದ ಗಿಡ, ಅಣಬೆಗಳನ್ನು ಕೂಡಿಡುವ ಸಂಸ್ಥೆಯ ಜಯನಗರದ ಕಟ್ಟಡದಲ್ಲಿಯೇ ನಾನು ಇಪ್ಪತ್ತೆಂಟು ವರ್ಷ ಕೆಲಸ ಮಾಡಿದ್ದು. ಒಳಗೆ ಹೋದರೆ ಎಡಗಡೆಗೆ ಹಸಿರು ಬಣ್ಣದ ಕಬ್ಬಿಣದ ಕಪಾಟುಗಳು ಸಾಲಾಗಿ ನಿಂತಿವೆ. ಕೊನೆಯ ಸಾಲಿನಲ್ಲಿ ಬನ್ನೇರುಘಟ್ಟದ ಕಾಡಿನ ಅಣಬೆಗಳಿವೆ. ಅಲ್ಲೊಂದು ಪೊಟ್ಟಣದೊಳಗೆ ಕನ್ನಡದಲ್ಲಿ ಬರೆದ ಚೀಟಿ ಇದೆ, ಕೆಳಗೆ ನನ್ನ ಹೆಸರಿದೆ. ಅದು ಹೊಗಳಿಕೆಯ ಚೀಟಿಯಲ್ಲ. ನಾನು ಮಾಡಿದ ಒಂದು ತಪ್ಪನ್ನು ನಾನೇ ಬರೆದು ಇಟ್ಟದ್ದು. ಒಂದಲ್ಲ ಒಂದು ದಿನ ನಿನ್ನ ಕೈ ಅದರ ಮೇಲೆ ಬೀಳುತ್ತದೆ. ಬೇರೆಯವರ ಎದುರಿಗೆ ಅದನ್ನು ಓದಿ ನೀನು ಮುಖ ಸಣ್ಣದು ಮಾಡಿಕೊಳ್ಳುವ ಮೊದಲು ನಾನೇ ಹೇಳಿಬಿಡುವುದು ಮೇಲು. ಎದುರಿಗೆ ಕೂತು ಹೇಳಲು ನನ್ನಿಂದ ಆಗುವುದಿಲ್ಲ. ಮನೆಗೆ ನೆಂಟರು ಬಂದರೆ ಅಡುಗೆಮನೆ ಸೇರುವವಳು ನಾನು, ನಿಮಗೆ ಗೊತ್ತು. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಓದಿದ್ದು ಗೊಟ್ಟಿಗೆರೆಯ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ಆಗ ಗೊಟ್ಟಿಗೆರೆ ಹಳ್ಳಿಯೇ. ನಿಮ್ಮ ತಾತ ಹೋದಾಗ ನಿಮ್ಮಪ್ಪನಿಗೆ ಒಂಬತ್ತು ವರ್ಷ. ಹೊಲವೆಲ್ಲ ಅದಾಗಲೇ ಸೈಟುಗಳಾಗಿದ್ದವು, ಹೊಲದ ಕೆಲಸ ಉಳಿದಿರಲಿಲ್ಲ. ಊರಿನವರೊಬ್ಬರು ಆ ಸಂಸ್ಥೆಗೆ ಹಾಲು ಹಾಕುತ್ತಿದ್ದರು. ಅಲ್ಲಿ ಒಣಗಿದ ಗಿಡಗಳನ್ನು ಹಾಳೆಗೆ ಅಂಟಿಸಲು ಅಚ್ಚುಕಟ್ಟಾದ ಕೈ ಬೇಕಂತೆ ಎಂದು ಅವರೇ ಹೇಳಿದರು. ರಂಗೋಲಿ ಹಾಕುವವಳಿಗೆ ಅದೇನು ಕಷ್ಟ ಎಂದುಕೊಂಡು ಹೋದೆ. ಬಿಳೇಕಹಳ್ಳಿಯ ಮೇಲೆ ಬಸ್ಸು. ಕಂಡಕ್ಟರು ದಿನಾ ನೋಡಿ ನೋಡಿ ಒಮ್ಮೆ ಕೇಳಿದ:

“ಎಲ್ಲಮ್ಮ ಕೆಲ್ಸ ನಿಮ್ದು?”

“ಎಲೆ ಆಫೀಸಲ್ಲಿ” ಎಂದೆ, ಬೇರೆ ಹೇಗೆ ಹೇಳುವುದೆಂದು ತಿಳಿಯದೆ.

“ಓ, ವೀಳ್ಯದೆಲೆ ಮಂಡಿನಾ? ಬರ್ತಾ ನಮಗೂ ಒಂದು ಕಟ್ಟು ತನ್ನಿ.”

ನಾನು ಅಲ್ಲ ಎನ್ನಲಿಲ್ಲ. ಅವನ ಲೆಕ್ಕದಲ್ಲಿ ಬಹಳ ವರ್ಷ ನಾನು ಎಲೆ ಮಾರುವವಳಾಗಿಯೇ ಉಳಿದೆ. ನನ್ನ ಬಾಯಿಯ ಕಥೆ ಇಷ್ಟು. ಮುಂದೆ ಬರುವುದಕ್ಕೂ ಇದಕ್ಕೂ ಸಂಬಂಧವಿದೆ, ಅದಕ್ಕೆ ಹೇಳಿದೆ.

ಹೇಮಂತ ಚಿಕ್ಕವನಿದ್ದಾಗ ಕೇಳುತ್ತಿದ್ದ, “ಅಜ್ಜಿ, ಕಾಡಿನ ಆಫೀಸಲ್ಲಿ ಇದ್ದೆ ಅಂತೀಯ, ಹುಲಿ ನೋಡಿಲ್ವಾ?” ಇಲ್ಲ ಮಗಾ. ಹುಡುಗಿಯಾಗಿದ್ದಾಗ ಬನ್ನೇರುಘಟ್ಟದ ಕಾಡಿನ ಅಂಚಿನಿಂದ ಸೌದೆ ಹೊತ್ತು ತಂದದ್ದು ಬಿಟ್ಟರೆ ನಾನು ಕಾಡಿಗೆ ಕಾಲಿಟ್ಟವಳಲ್ಲ. ಜಗತ್ತಿನ ಕಾಡುಗಳೇ ಪಾರ್ಸಲ್ಲಿನಲ್ಲಿ ನನ್ನ ಮೇಜಿಗೆ ಬಂದವು. ನಮ್ಮ ಸಂಸ್ಥೆಯವರು ಇಲ್ಲಿನ ಗಿಡಗಳನ್ನು ಹೊರದೇಶಗಳಿಗೆ ಕಳಿಸುತ್ತಿದ್ದರು, ಅವರು ತಮ್ಮ ಕಡೆಯದನ್ನು ಇಲ್ಲಿಗೆ ಕಳಿಸುತ್ತಿದ್ದರು. ಹೆಣ್ಣು ಕೊಟ್ಟು ಹೆಣ್ಣು ತರುವ ಹಾಗೆ.

ಕೆಲಸ ಕಲಿಸಿದವರು ಸೀನಪ್ಪಣ್ಣ. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು, ಅಟೆಂಡರು, ಮಾತಿನಲ್ಲಿ ಚುರುಕು. ಮೊದಲ ದಿನವೇ ಎರಡು ನಿಯಮ ಹೇಳಿದರು.

“ನೋಡಮ್ಮ, ಒಂದು ಪೊಟ್ಟಣ ಮುಚ್ಚೋವರೆಗೂ ಇನ್ನೊಂದು ಬಿಚ್ಚಬಾರ್ದು. ಇದು ಒಂದು. ಎರಡನೇದು, ಕೈ ತೊಳೀದೆ ಊಟ ಮಾಡಬಾರ್ದು. ಮಾಡಿದ್ಯೋ, ನಿನ್ನನ್ನೂ ಹಾಳೆಗೆ ಅಂಟಿಸಿ ಕಪಾಟಿಗೆ ಹಾಕ್ತಾರೆ.”

ಎರಡನೆಯದು ತಮಾಷೆಯಲ್ಲ. ಆಗ ಹುಳು ಹಿಡಿಯದಿರಲೆಂದು ಗಿಡಗಳನ್ನು ವಿಷದ ನೀರಿನಲ್ಲಿ ಅದ್ದುತ್ತಿದ್ದರು. ಮೈದಾ ಅಂಟಿಗೂ ಮೈಲುತುತ್ತ ಬೆರೆಸುತ್ತಿದ್ದೆವು. ಆಮೇಲೆ ಆ ವಿಷ ಮನುಷ್ಯರಿಗೂ ಕೆಟ್ಟದ್ದೆಂದು ನಿಲ್ಲಿಸಿದರು. ಕೆಲವು ವರ್ಷ ನುಸಿ ಗುಳಿಗೆ ಇಟ್ಟರು, ನನ್ನ ಸೀರೆಗಳಿಗೆಲ್ಲ ಅದರದೇ ವಾಸನೆ. ಕೊನೆಗೆ ದೊಡ್ಡ ಫ್ರೀಜರು ಬಂತು. ಬಂದ ಪಾರ್ಸಲ್ಲನ್ನು ಹಾಗೆಯೇ ಕವರಿನಲ್ಲಿ ಸುತ್ತಿ ಅದರೊಳಗೆ ಇಟ್ಟುಬಿಟ್ಟರೆ ಹುಳುವೂ ಸಾಯುತ್ತದೆ, ಮೊಟ್ಟೆಯೂ ಸಾಯುತ್ತದೆ. ನೀನು ಈಗ ಹೋದರೆ ಕಾಣುವುದು ಆ ಫ್ರೀಜರನ್ನೇ. ಹಳೆಯ ಹಾಳೆಗಳನ್ನು ಮುಟ್ಟುವಾಗ ಮಾತ್ರ ಕೈಗವಸು ಹಾಕು, ಅವುಗಳಲ್ಲಿ ವಿಷ ಇನ್ನೂ ಇದೆ.

ಸೇರಿದ ವರ್ಷವೇ ನಾನು ಕೆಡಿಸಿದ ಮೊದಲ ಕೆಲಸ ಹೇಳುತ್ತೇನೆ. ದಕ್ಷಿಣ ಅಮೆರಿಕದ ಕಾಡಿನಿಂದ ಒಂದು ಕಟ್ಟು ಜರೀಗಿಡ ಬಂತು. ಒಂದೊಂದೂ ನವಿಲುಗರಿಯಷ್ಟು ಚೆಂದ. ಮೂರು ವಾರ ಕೂತು ಎಲ್ಲವನ್ನೂ ಅಂಟಿಸಿದೆ. ಎಲೆ ಎಂದರೆ ನಮಗೆ ಗೊತ್ತಿರುವುದು ಊಟದ ಎಲೆ. ನುಣುಪು ಮೇಲೆ, ತುದಿ ಎಡಕ್ಕೆ. ಹಾಗೆಯೇ ಒಂದೂ ತಪ್ಪದ ಹಾಗೆ, ನುಣುಪು ಮೇಲೆ ಮಾಡಿ, ತುದಿ ಎಡಕ್ಕೆ ಇಟ್ಟು ಅಂಟಿಸಿದೆ. ನೋಡಲು ಬಂದವರು ವಸುಧಾ ಮೇಡಂ. ಅಣಬೆಗಳನ್ನು ಓದಿದವರು, ಆಗಿನ್ನೂ ಹೊಸದಾಗಿ ಸೇರಿದ್ದರು, ನನಗಿಂತ ಎರಡು ವರ್ಷಕ್ಕೆ ಚಿಕ್ಕವರು.

“ತಾಯಮ್ಮ, ತುಂಬಾ ನೀಟಾಗಿದೆ. ಜರೀಗಿಡದ ಬೀಜಕಣ ಎಲ್ಲಿರುತ್ತೆ ಗೊತ್ತಾ?”

ನಾನು ಎಲೆಯ ತುದಿ ತೋರಿಸಿದೆ.

“ಎಲೆ ಹಿಂದೆ. ಅದನ್ನ ನೋಡಿದ್ರೇನೇ ಇದು ಯಾವ ಜಾತಿ ಅಂತ ಹೇಳೋಕಾಗೋದು. ನೀವು ಅದನ್ನೇ ಅಂಟಿಸಿ ಮುಚ್ಚಿಬಿಟ್ಟಿದ್ದೀರ.”

ಪಕ್ಕದಲ್ಲಿದ್ದ ಸೀನಪ್ಪಣ್ಣ, “ಬಿಡಿ ಮೇಡಂ, ಉಪ್ಪು, ಪಲ್ಯ ಬಡಿಸಿಲ್ಲ ಪುಣ್ಯಕ್ಕೆ” ಎಂದರು.

ಮೇಡಂ ನಕ್ಕರು. ಬಿಸಿನೀರಿನ ಬಟ್ಟೆ ಇಟ್ಟು ಅಂಟು ನೆನೆಸಿ ಒಂದೊಂದನ್ನೇ ಬಿಡಿಸಿ, ಪ್ರತಿ ಹಾಳೆಯಲ್ಲೂ ಒಂದು ಗರಿಯನ್ನಾದರೂ ಬೆನ್ನು ಮೇಲಾಗಿ ಅಂಟಿಸಲು ನನಗೆ ಎರಡು ತಿಂಗಳು ಹಿಡಿಯಿತು. ನೀನು ಅಂಟಿಸುವಾಗ ನೆನಪಿಡು. ಒಂದು ಎಲೆ ಮೇಲ್ಮುಖ, ಒಂದು ಎಲೆ ಬೆನ್ನು.

ಇಂಗ್ಲಿಷು ನನಗೆ ಅಕ್ಷರದ ಮಟ್ಟಿಗೆ ಬರುತ್ತಿತ್ತು. ಪ್ರತಿ ಗಿಡದ ಜೊತೆ ಅದನ್ನು ಕಿತ್ತವರು ಬರೆದ ಚೀಟಿ ಇರುತ್ತದೆ. ಯಾವ ದೇಶ, ಯಾವ ಕಾಡು, ಎಷ್ಟು ಎತ್ತರ, ಯಾವ ಮರದ ಕೆಳಗೆ, ಯಾರು ಕಿತ್ತರು. ಆ ಚೀಟಿಗಳನ್ನು ನಕಲು ಮಾಡುತ್ತ ಮಾಡುತ್ತ ಜಗತ್ತಿನ ಊರುಗಳು ಪರಿಚಯವಾದವು. ಓದಲು ಬಾರದಿದ್ದರೂ ಬರುಬರುತ್ತ ಎಲೆಯೇ ಊರು ಹೇಳಲು ಶುರುಮಾಡಿತು. ವರ್ಷವಿಡೀ ಮಳೆ ಬೀಳುವ ಕಾಡುಗಳ ಎಲೆಗೆ ತುದಿಯಲ್ಲಿ ಬಾಲ ಇರುತ್ತದೆ, ನೀರು ನಿಲ್ಲದೆ ಜಾರಿಹೋಗಲೆಂದು. ಅಮೆಜಾನಿನ ಎಲೆಗೂ ಬಾಲ, ಬೋರ್ನಿಯೋದ ಎಲೆಗೂ ಬಾಲ, ನಮ್ಮ ಘಟ್ಟದ ಎಲೆಗೂ ಬಾಲ, ಆದರೆ ಮೂರೂ ಒಂದಕ್ಕೊಂದು ನೆಂಟರಲ್ಲ. ಹಿಮ ಬೀಳುವ ದೇಶಗಳಿಂದ ಸೂಜಿಯಂಥ ಎಲೆಗಳು ಬಂದವು, ಅಂಟು ನಿಲ್ಲುತ್ತಿರಲಿಲ್ಲ, ದಾರ ಹಾಕಿ ಹೊಲಿಯಬೇಕು. ಅಲ್ಲಿಂದಲೇ ಬಿಳಿ ನಾರಿನ ಉಂಡೆಯಂಥದೊಂದು ಬಂತು, ಕಲ್ಲುಹೂವಿನ ಜಾತಿ. ಅಲ್ಲಿನ ಜಿಂಕೆಗಳು ಚಳಿಗಾಲದಲ್ಲಿ ಹಿಮ ಕೆದಕಿ ಅದನ್ನು ತಿಂದು ಬದುಕುತ್ತವಂತೆ. ನಾವು ಸಾರಿನ ಮಸಾಲೆಗೆ ಹಾಕುವ ಕಲ್ಲುಹೂವು ನೆನಪಾಗಿ ಮೂಸಿ ನೋಡಿದೆ, ವಾಸನೆ ಇರಲಿಲ್ಲ. ಆಸ್ಟ್ರೇಲಿಯಾದ ನೀಲಗಿರಿ ಎಲೆಗಳು ಬಂದ ದಿನ ಮಾತ್ರ ಆಫೀಸಿನವರ ನೆಗಡಿಯೆಲ್ಲ ಬಿಟ್ಟುಹೋಯಿತು.

ಪ್ರಾಣಿಗಳೂ ಬಂದವು, ಹೇಮಂತ, ಆದರೆ ಅಡ್ಡದಾರಿಯಲ್ಲಿ. ಒಮ್ಮೆ ಆಫ್ರಿಕದಿಂದ ಬಂದ ಬೀಜಗಳ ಚೀಟಿಯಲ್ಲಿ ‘ಆನೆಯ ಲದ್ದಿಯಿಂದ ಆರಿಸಿದ್ದು’ ಎಂದು ಬರೆದಿತ್ತು. ಆ ಮರದ ಹಣ್ಣು ಆನೆ ನುಂಗದಿದ್ದರೆ ಬೀಜ ದೂರ ಹೋಗುವುದಿಲ್ಲ, ಆನೆ ಹೋದರೆ ಆ ಮರವೂ ಕಡಿಮೆಯಾಗುತ್ತದೆ ಎಂದು ಮೇಡಂ ವಿವರಿಸಿದರು. ಸೀನಪ್ಪಣ್ಣ ಕೇಳಿ, “ಕಾಲ ನೋಡಮ್ಮ. ಲದ್ದಿ ವಿಮಾನದಲ್ಲಿ ಬರುತ್ತೆ, ನಾವು ಬಸ್ಸಲ್ಲಿ ನಿಂತ್ಕೊಂಡು ಬರ್ತೀವಿ” ಎಂದರು. ಇನ್ನೊಂದು ಸಲ ಬ್ರೆಜಿಲಿನ ಎಲೆಗಳ ಅಂಚಿನಲ್ಲೆಲ್ಲ ಅರ್ಧಚಂದ್ರದ ತೂತು. ಇರುವೆ ಕತ್ತರಿಸಿದ್ದಂತೆ. ಆ ಇರುವೆ ಎಲೆ ತಿನ್ನುವುದಿಲ್ಲ. ಗೂಡಿಗೆ ಹೊತ್ತುಕೊಂಡು ಹೋಗಿ, ಅಗಿದು ಹಾಸಿ, ಅದರ ಮೇಲೆ ಅಣಬೆ ಬೆಳೆದು ಆ ಅಣಬೆ ತಿನ್ನುತ್ತದೆ. “ನಮ್ಮ ಕಡೆ ಈ ಕೆಲಸ ಮಾಡೋದು ಗೆದ್ದಲು. ಆಫ್ರಿಕದಲ್ಲೂ ಗೆದ್ದಲೇ” ಎಂದು ಮೇಡಂ ಒಂದು ಪೊಟ್ಟಣ ಬಿಚ್ಚಿ ತೋರಿಸಿದರು. ಬುಡದಲ್ಲಿ ಉದ್ದನೆಯ ಬೇರಿನಂಥ ಕಾಲು ಇದ್ದ ಅಣಬೆ. ನನಗೆ ತಟ್ಟನೆ ಗುರುತು ಸಿಕ್ಕಿತು.

“ಮೇಡಂ, ಇದು ಹುತ್ತದ ಅಣಬೆ ಅಲ್ವಾ? ಗುಡುಗು ಬಂದ ಮಾರನೇ ದಿನ ಏಳುತ್ತೆ. ನಮ್ಮಮ್ಮ ಸಾರು ಮಾಡೋರು.”

“ಅದರ ನೆಂಟನೇ ತಾಯಮ್ಮ. ಅದಲ್ಲ, ಆದ್ರೆ ನೆಂಟ.”

“ಮೇಡಂ, ಪೊಟ್ಟಣ ಎಣಿಸಿಟ್ಕೊಳ್ಳಿ” ಎಂದರು ಸೀನಪ್ಪಣ್ಣ. “ನಾಳೆ ತಾಯಮ್ಮನ ಡಬ್ಬೀಲಿ ಅಣಬೆ ಸಾರು ಬಂದ್ರೆ ನನ್ನ ಕೇಳಬೇಡಿ.”

ಅಂದಿನಿಂದ ಮೇಡಂ ಅಣಬೆಯ ಕೆಲಸಕ್ಕೆ ನನ್ನನ್ನೇ ಹಾಕಿಕೊಂಡರು. ‘ಅದಲ್ಲ, ಆದರೆ ನೆಂಟ’ ಎನ್ನುವುದು ಅವರ ಇಡೀ ಓದಿನ ಸಾರ ಎಂದು ನನಗೆ ಆಮೇಲೆ ಅನ್ನಿಸಿತು. ಜಗತ್ತಿನ ಕಾಡುಗಳೆಲ್ಲ ಒಂದೇ ಕೆಲಸಗಳನ್ನು ಮಾಡುತ್ತವೆ. ಮಾಡುವವರು ಮಾತ್ರ ಒಂದೊಂದು ಕಾಡಿನಲ್ಲಿ ಬೇರೆ ಬೇರೆ.

ಸೀನಪ್ಪಣ್ಣನ ಒಂದು ಪ್ರಸಂಗವನ್ನೂ ಹೇಳಬೇಕು. ಮಲಯಾದ ಕಾಡಿನ ಎಲೆಗಳನ್ನು ಅವರು ಒಂದು ಮಧ್ಯಾಹ್ನ ಭರಭರನೆ ಅಂಟಿಸಿದರು. ಮರುದಿನ ಒಣಗಿದ ಹಾಳೆಗಳನ್ನು ಎತ್ತಿಡುವಾಗ ನೋಡಿದೆ, ಒಂದು ಎಲೆಗೆ ಆರು ಕಾಲು. ಎಲೆಯ ಹಾಗೆಯೇ ನರ, ಎಲೆಯ ಹಾಗೆಯೇ ಕಂದಿದ ಅಂಚು, ಆದರೆ ಅದು ಹುಳು. ಎಲೆಯಂತೆ ವೇಷ ಹಾಕಿ ಕಟ್ಟಿನೊಳಗೆ ಸೇರಿಕೊಂಡು ಬಂದಿತ್ತು. ದೊಡ್ಡವರ ತಪ್ಪು ಎತ್ತಿ ಹೇಳುವುದು ಹೇಗೆಂದು ನಾನು ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಮೇಡಂ ಕಣ್ಣಿಗೇ ಬಿತ್ತು. ಎಲ್ಲರೂ ನಕ್ಕು ಮುಗಿದ ಮೇಲೆ ಸೀನಪ್ಪಣ್ಣ ನನ್ನ ಹತ್ತಿರ ಬಂದರು.

“ನೀನು ನೋಡಿದ್ದೆ ಅಲ್ವಾ?”

“ಹೂಂ ಅಣ್ಣ.”

“ಹೇಳೋಕೇನು? ಬಾಯಿಗೆ ಅಂಟು ಹಾಕ್ಕೊಂಡಿದ್ಯಾ? ಮೊದಲ್ನೇ ದಿನ ಹೇಳಿದ್ರೆ ಅಂಟು ಹಸಿ ಇರ್ತಿತ್ತು, ಕಾಲು ಮುರೀದೆ ಬಿಡಿಸಬಹುದಿತ್ತು. ಈಗ ನೋಡು.”

ಹುಳುವಿನ ಎರಡು ಕಾಲು ಹಾಳೆಯಲ್ಲೇ ಉಳಿದುಕೊಂಡವು. ಆ ಮಾತು ನನಗೆ ನಾಟಿತು, ಆದರೆ ಬುದ್ಧಿ ಬರಲಿಲ್ಲ.

ಈಗ ಆ ಚೀಟಿಯ ವಿಷಯಕ್ಕೆ ಬರುತ್ತೇನೆ.

ಸೀನಪ್ಪಣ್ಣ ನಿವೃತ್ತರಾಗಿ ಊರಿಗೆ ಹೋದ ಮೇಲಿನ ಮಳೆಗಾಲ. ಮೇಡಂ ಹದಿನೈದು ದಿನ ಪ್ರವಾಸ ಹೋಗಿದ್ದರು. ಕಟ್ಟಡದ ಹಿಂಬದಿ ಸೂರು ಸೋರಿ, ಅಣಬೆ ಪೊಟ್ಟಣಗಳ ಎರಡು ಪೆಟ್ಟಿಗೆಗೆ ನೀರಿಳಿಯಿತು. ಒಂದು ಪೆಟ್ಟಿಗೆ ಕ್ಯಾಮರೂನಿನ ಕಾಡಿನದು, ಇನ್ನೊಂದು ನಮ್ಮ ಬನ್ನೇರುಘಟ್ಟದ ಸುತ್ತಿನದು. ಅಣಬೆ ಒದ್ದೆಯಾದರೆ ಎರಡೇ ದಿನಕ್ಕೆ ಬೂಷ್ಟು. ಒಣಗಿಸುವ ಪೆಟ್ಟಿಗೆ ಕೆಟ್ಟಿತ್ತು. ಒಂದೊಂದೇ ಪೊಟ್ಟಣ ಬಿಚ್ಚಿ, ಬಲ್ಬಿನ ಶಾಖಕ್ಕೆ ಹಿಡಿದು, ಮುಚ್ಚಿ, ಇನ್ನೊಂದು ಬಿಚ್ಚುತ್ತ ಕೂತರೆ ಅರ್ಧಕ್ಕರ್ಧ ಕೆಡುವುದು ಖಂಡಿತ. ಅಷ್ಟರಲ್ಲಿ ಚೆನ್ನಾಗಿ ಬಿಸಿಲು ಬಿತ್ತು.

ಮನೆಯಲ್ಲಿ ಸಂಡಿಗೆ ಹೇಗೆ ಒಣಗಿಸುತ್ತೇವೋ ಹಾಗೆ ಮಾಡಿದೆ. ಕಾವಲುಗಾರನ ಹೆಂಡತಿಯ ಹತ್ತಿರ ಎರಡು ಮೊರ ಕೇಳಿ ತಂದೆ. ತಾರಸಿಯ ಮೇಲೆ ಹಳೇ ಪಂಚೆ ಹಾಸಿ, ಒಂದು ಮೊರದಲ್ಲಿ ಆಫ್ರಿಕ, ಇನ್ನೊಂದರಲ್ಲಿ ಬನ್ನೇರುಘಟ್ಟ. ಪ್ರತಿ ಅಣಬೆಯ ಕೆಳಗೆ ಅದರದೇ ಪೊಟ್ಟಣದ ಕಾಗದ, ಚೀಟಿ ಹಾರದ ಹಾಗೆ ಒಂದು ಕಲ್ಲು. ಕಾಗೆ ಬರದಿರಲೆಂದು ಕಪ್ಪು ಕೊಡೆ ಬಿಚ್ಚಿಟ್ಟು, ನಡುವೆ ನಾಲ್ಕು ಒಣಮೆಣಸಿನಕಾಯಿ ಹಾಕಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಕೂತಿದ್ದೆ. ಮೂರು ಗಂಟೆಗೆ ಬನಶಂಕರಿ ಕಡೆಯಿಂದ ಗಾಳಿ ಎದ್ದಿತು. ಕೊಡೆ ಉರುಳಿ ಹೋಗಿ ಮೊರಗಳಿಗೆ ಬಡಿಯಿತು, ಹಿಂದೆಯೇ ಹನಿ. ಸಂಡಿಗೆಗೆ ಮಳೆ ಬಂದಾಗ ಯಾವ ಹೆಂಗಸೂ ಯೋಚನೆ ಮಾಡುವುದಿಲ್ಲ, ಸೆರಗಿಗೆ ಬಾಚಿಕೊಂಡು ಓಡುತ್ತಾಳೆ. ನಾನೂ ಹಾಗೇ ಓಡಿದೆ.

ಕೆಳಗೆ ಬಂದು ನೆಲದ ಮೇಲೆ ಹರಡಿ ಒಂದೊಂದನ್ನೇ ಜೋಡಿಸಿದೆ. ಆಕಾರ ನೆನಪಿತ್ತು, ಬಣ್ಣ ನೆನಪಿತ್ತು, ಬಹುಪಾಲು ಕಾಗದಕ್ಕೆ ಅಂಟಿಕೊಂಡೇ ಇದ್ದವು. ಕೊನೆಗೆ ಎರಡು ಉಳಿದವು. ಮರದ ಕಾಂಡಕ್ಕೆ ಹಲಗೆಯಂತೆ ಹುಟ್ಟುವ ಕಂದು ಅಣಬೆಗಳು, ಎರಡೂ ಅಂಗೈ ಅಗಲ, ನೀರು ಕುಡಿದು ಎರಡೂ ಒಂದೇ ಕಪ್ಪು. ಎರಡು ಚೀಟಿ. ಒಂದು ಕ್ಯಾಮರೂನು, ಒಂದು ಬನ್ನೇರುಘಟ್ಟ. ಬಹಳ ಹೊತ್ತು ನೋಡಿದೆ. ಆಮೇಲೆ ‘ಇದು ಇದರದೇ ಇರಬೇಕು’ ಎಂದು ಒಂದನ್ನು ಒಂದಕ್ಕೆ ಹಾಕಿ ಮುಚ್ಚಿದೆ. ‘ಇರಬೇಕು’ ಎನ್ನುವ ಮಾತಿಗೆ ಆ ಕೋಣೆಯಲ್ಲಿ ಜಾಗವಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು.

ಮೇಡಂ ಬಂದು ನೋಡಿ, ಒಂದು ಪೊಟ್ಟಣವೂ ಕೆಟ್ಟಿಲ್ಲವೆಂದು ಖುಷಿಪಟ್ಟರು. “ತಾಯಮ್ಮನ ಕೈಲಿ ಚೀಟಿ ತಪ್ಪಲ್ಲ” ಎಂದು ಎಲ್ಲರೆದುರಿಗೆ ಹೇಳಿದರು. ಅದೇ ಗಳಿಗೆಯಲ್ಲಿ ಬಾಯಿ ಬಿಟ್ಟಿದ್ದರೆ ಅಂಟು ಹಸಿ ಇತ್ತು. ಬಿಡಲಿಲ್ಲ. ಆ ಮಾತನ್ನು ಅವರು ಆಮೇಲೂ ಆಗಾಗ ಹೇಳುತ್ತಿದ್ದರು, ಹೊಸಬರು ಬಂದಾಗಲೆಲ್ಲ. ನನ್ನ ಜೀವಮಾನದಲ್ಲಿ ಓದಿದವರಿಂದ ನಾನು ಸಂಪಾದಿಸಿದ ಮಾತು ಅದೊಂದೇ. ಕಳೆದುಕೊಳ್ಳಲು ಮನಸ್ಸು ಬರಲಿಲ್ಲ. ಆ ಎರಡು ಪೊಟ್ಟಣಗಳನ್ನು ಆರು ವರ್ಷ ನಾನು ತೆರೆಯಲಿಲ್ಲ. ತೆರೆದರೆ ಗೊತ್ತಾಗಿಬಿಡುತ್ತದೆ ಎಂದೇ ತೆರೆಯಲಿಲ್ಲ.

ಆರನೆಯ ವರ್ಷ ಮೇಡಂ ಬನ್ನೇರುಘಟ್ಟದ ಪೆಟ್ಟಿಗೆ ತೆಗೆದುಕೊಂಡು ಸೂಕ್ಷ್ಮದರ್ಶಕದ ಮುಂದೆ ಕೂತರು. ಒಂದು ವಾರವಾದ ಮೇಲೆ ಅವರ ಕೋಣೆಯಿಂದ ಕೂಗು ಕೇಳಿತು. ಬನ್ನೇರುಘಟ್ಟದ ಚೀಟಿ ಇರುವ ಒಂದು ಪೊಟ್ಟಣದಲ್ಲಿ, ಮಧ್ಯ ಆಫ್ರಿಕದ ಕಾಡು ಬಿಟ್ಟು ಬೇರೆಲ್ಲೂ ಯಾರೂ ಕಾಣದ ಅಣಬೆ! ನಡುವೆ ಇಡೀ ಸಮುದ್ರ. ಇಲ್ಲಿಗೆ ಹೇಗೆ ಬಂತು? ಎರಡು ಭೂಮಿಯೂ ಹಿಂದೆ ಒಂದಾಗಿದ್ದ ಕಾಲದಿಂದ ಉಳಿದದ್ದೋ ಏನೋ ಎಂದು ಅವರು ಹೇಳುತ್ತಿದ್ದರೆ ಕಣ್ಣು ಹೊಳೆಯುತ್ತಿತ್ತು. ಇಪ್ಪತ್ತು ವರ್ಷ ಅವರೂ ನನ್ನ ಹಾಗೆಯೇ ಹೆಚ್ಚು ಯಾರ ಕಣ್ಣಿಗೂ ಬೀಳದೆ ಕೆಲಸ ಮಾಡಿದವರು. ಹೊರದೇಶದ ಪತ್ರಿಕೆಗೆ ಲೇಖನ ಬರೆಯಲು ಕೂತರು. ಬರೆದು ಮುಗಿಸಿದ ದಿನ ಎಲ್ಲರಿಗೂ ಖಾರಾಬಾತ್, ಕೇಸರಿಬಾತ್ ತರಿಸಿದರು.

“ತಾಯಮ್ಮ, ನಿಮ್ಮ ಹೆಸರೂ ಹಾಕ್ತೀನಿ. ಅವತ್ತು ಮಳೇಲಿ ನೀವು ಕಾಪಾಡಿಲ್ದೆ ಇದ್ರೆ ಇದು ಎಲ್ಲಿರ್ತಿತ್ತು? ಸೋಮವಾರ ಕಳಿಸ್ತೀನಿ.”

ಅಂದು ಮಂಗಳವಾರ. ನನ್ನ ಪಾಲಿನ ಕೇಸರಿಬಾತನ್ನು ಕಾವಲುಗಾರನ ಹೆಂಡತಿಗೆ ಕೊಟ್ಟುಬಿಟ್ಟೆ.

ನಾನು ಮಾತಾಡದಿದ್ದರೆ ಒಂದು ಸುಳ್ಳು ಅಚ್ಚಾಗುತ್ತದೆ, ಅದರ ಕೆಳಗೆ ಮೇಡಂ ಹೆಸರು. ಮುಂದೆ ಯಾರೋ ಅದನ್ನು ನಂಬಿ ಬನ್ನೇರುಘಟ್ಟದ ಕಾಡಿನಲ್ಲಿ ಆ ಅಣಬೆ ಹುಡುಕುತ್ತಾರೆ, ಸಿಗುವುದಿಲ್ಲ, ಆಗ ಮೇಡಂ ಸುಳ್ಳುಗಾತಿ. ಮಾತಾಡಿದರೆ ಅವರ ಸಂತೋಷವನ್ನು ನನ್ನ ಕೈಯಾರೆ ಕಸಿದ ಹಾಗೆ. ಬುಧವಾರ ಅವರ ಬಾಗಿಲಿಗೆ ಹೋಗಿ, “ಟೀ ತರ್ಲಾ ಮೇಡಂ?” ಎಂದು ಕೇಳಿ ಬಂದೆ. ಗುರುವಾರವೂ ಟೀ. ಶುಕ್ರವಾರ ಅವರೇ, “ಏನು ತಾಯಮ್ಮ, ಟೀ ಕುಡಿಸಿ ಕುಡಿಸಿ ಸಾಯಿಸ್ತೀರಾ?” ಎಂದರು.

ಶುಕ್ರವಾರ ಸಂಜೆ ನನಗೆ ಬರುವ ಕೆಲಸವನ್ನೇ ಮಾಡಿದೆ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಯಾರೋ ಹೆಸರು ತಪ್ಪಾಗಿ ಬರೆದಿದ್ದರೆ ಹಳೇ ಚೀಟಿಯನ್ನು ಕೀಳುವುದಿಲ್ಲ, ಹೊಡೆದು ಹಾಕುವುದೂ ಇಲ್ಲ. ಅದರ ಕೆಳಗೆ ಇನ್ನೊಂದು ಚೀಟಿ ಇಟ್ಟು, ಸರಿ ಯಾವುದೆಂದು ಬರೆದು, ಬರೆದವರ ಹೆಸರು ಹಾಕುತ್ತಾರೆ. ನಾನೂ ಅಷ್ಟೇ ಅಗಲದ ಕಾಗದ ಕತ್ತರಿಸಿ ಬರೆದೆ: ‘ಇದು ಮತ್ತು ಕ್ಯಾಮರೂನ್ ಪೆಟ್ಟಿಗೆಯ ಇಂಥದೇ ಒಂದು, ತಾರಸಿಯಲ್ಲಿ ಒಣಗಿಸುವಾಗ ನನ್ನ ಕೈಯಲ್ಲಿ ಬೆರೆತುಹೋದವು. ಯಾವುದು ಯಾವುದೆಂದು ತಿಳಿಯದೆ ಅಂದಾಜಿನ ಮೇಲೆ ಹಾಕಿದೆ. ಹೇಳಲಿಲ್ಲ.’ ಪೊಟ್ಟಣದೊಳಗೆ ಇಟ್ಟು ಮನೆಗೆ ಬಂದೆ.

ಶನಿವಾರ ಮೇಡಂ ಕೊನೆಯ ಫೋಟೋ ತೆಗೆಯಲು ಪೊಟ್ಟಣ ಬಿಚ್ಚಿದರು. ನಾನು ಕಪಾಟಿನ ಸಾಲಿನ ಹಿಂದೆ, ಊಟಕ್ಕೆ ಕೂರುವ ಜಾಗದಲ್ಲಿ ನಿಂತಿದ್ದೆ. ಅವರು ಚೀಟಿ ಹಿಡಿದುಕೊಂಡು ಅಲ್ಲಿಗೇ ಬಂದರು.

“ಇದೇನು ತಾಯಮ್ಮ?”

“ನಾನೇ ಬರೆದಿದ್ದು ಮೇಡಂ.”

“ಆರು ವರ್ಷ! ಯಾಕೆ ಹೇಳ್ಲಿಲ್ಲ?”

“ಭಯ ಆಯ್ತು.”

“ನನ್ನ ಕಂಡ್ರೆ ಭಯನಾ? ಇಷ್ಟು ವರ್ಷ ಜೊತೇಲಿ ಊಟ ಮಾಡಿದ್ದೀವಲ್ರೀ.”

ಅವರ ಮೇಲಿನ ಭಯವಲ್ಲ, ಅವರು ಹೇಳುತ್ತಿದ್ದ ಆ ಒಂದು ಮಾತು ಹೋಗಿಬಿಡುತ್ತದೆಂಬ ಭಯ. ಅದನ್ನು ಹೇಗೆ ಹೇಳುವುದು?

“ಇನ್ನೊಂದು ಪೊಟ್ಟಣ ತನ್ನಿ” ಎಂದರು.

ಕ್ಯಾಮರೂನಿನ ಪೆಟ್ಟಿಗೆಯಿಂದ ತಂದೆ. ಅವರೇ ಬಿಚ್ಚಿದರು. ಆರು ವರ್ಷದಲ್ಲಿ ಚೆನ್ನಾಗಿ ಒಣಗಿ ಅಣಬೆ ತನ್ನ ಬಣ್ಣಕ್ಕೆ ಬಂದಿತ್ತು. ತಿರುವಿದರೆ ಬುಡದಲ್ಲಿ ಹೆಬ್ಬೆರಳಗಲದ ತೊಗಟೆ ಕಚ್ಚಿಕೊಂಡಿತ್ತು, ಅಂದು ಒದ್ದೆಯ ಕಪ್ಪಿನಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಗೀರು ಗೀರಾಗಿ ಒಡೆದ ತೊಗಟೆ, ಮುರಿದ ಕಡೆ ಒಳಗೆ ಕೆಂಪು.

“ಜಾಲರಿ” ಎಂದೆ. ಬಾಯಿಂದ ತಾನಾಗಿ ಬಂತು.

“ಏನಂದ್ರಿ?”

“ಇದು ಜಾಲರಿ ಮರದ ತೊಗಟೆ ಮೇಡಂ. ಬನ್ನೇರುಘಟ್ಟದ್ದು.”

“ಇಷ್ಟು ಚೂರು ನೋಡಿ ಹೇಗೆ ಹೇಳ್ತೀರ?”

“ಹೊತ್ತಿದ್ದೀನಿ ಮೇಡಂ. ಹತ್ತು ವರ್ಷ, ತಲೆ ಮೇಲೆ.”

ಅವರು ಆ ಚೂರನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. “ಊರು ಕಳ್ಕೊಂಡ ಅಣಬೆ ಸೌದೆಗೆ ಸಮ ತಾಯಮ್ಮ” ಎಂದರು, ಬೈಗುಳದಂತೆ ಅಲ್ಲ, ತಮಗೆ ತಾವೇ ಹೇಳಿಕೊಂಡಂತೆ. “ಇದರ ಊರು ಯಾವುದು ಅನ್ನೋದೇ ಇದರ ಬೆಲೆ.”

ತೊಗಟೆಯ ಒಂದು ಎಳೆಯನ್ನು ಮರಗಳನ್ನು ಓದಿದವರೊಬ್ಬರಿಗೆ ಕಳಿಸಿದರು. ಕೆಲವು ವಾರದ ಮೇಲೆ ಉತ್ತರ ಬಂತು, ಜಾಲರಿಯೇ. ಆದರೆ ಮೇಡಂ ಅದಕ್ಕೆ ಕಾಯಲಿಲ್ಲ. ಸೋಮವಾರ ಲೇಖನ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ. ಆಫ್ರಿಕದ ಅಣಬೆ ಆಫ್ರಿಕದ್ದೇ ಆಯಿತು, ನಮ್ಮದು ನಮ್ಮದೇ. ಅದಲ್ಲ, ನೆಂಟ.

ಅವರು ನನ್ನನ್ನು ಬೈಯಲಿಲ್ಲ, ಮೇಲಿನವರಿಗೆ ದೂರೂ ಕೊಡಲಿಲ್ಲ. ಎರಡು ತಿಂಗಳು ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ ಅಷ್ಟೆ. ‘ತಾಯಮ್ಮನ ಕೈಲಿ ಚೀಟಿ ತಪ್ಪಲ್ಲ’ ಎಂಬ ಮಾತನ್ನು ಮತ್ತೆ ಯಾವತ್ತೂ ಹೇಳಲಿಲ್ಲ. ಹೇಳದಿದ್ದದ್ದೇ ಸರಿ. ಒಂದು ದಿನ ಎರಡೂ ಅಣಬೆಗಳನ್ನು ಅವುಗಳ ಸರಿಯಾದ ಪೊಟ್ಟಣಕ್ಕೆ ಹಾಕುವಾಗ ನಾನು ನನ್ನ ಚೀಟಿಯನ್ನು ತೆಗೆದುಬಿಡಲೇ ಎಂದು ಕೇಳಿದೆ.

“ಬೇಡ, ಇರ್ಲಿ. ಎರಡರಲ್ಲೂ ಇರ್ಲಿ. ಇನ್ನೊಂದು ಬರೆದು ಅದಕ್ಕೂ ಹಾಕಿ.”

“ಕನ್ನಡದಲ್ಲಿದೆ ಮೇಡಂ. ಹೊರಗಿನವರಿಗೆ ಓದೋಕಾಗಲ್ಲ.”

“ಓದಿಸಿಕೊಳ್ತಾರೆ. ಜರ್ಮನ್ ಚೀಟಿ ನಾವು ಓದಿಸಿಕೊಳ್ಳಲ್ವಾ? ಹೆಸರು ಪೂರ್ತಿ ಬರೀರಿ.”

ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ ಬದಲಾಯಿತು. ಪೊಟ್ಟಣದ ಒಳಗೊಂದು ಚೀಟಿ ಇದ್ದರೆ ಸಾಲದು, ಅಣಬೆಗೇ ದಾರ ಕಟ್ಟಿ ಒಂದು ನಂಬರು ಕಟ್ಟಬೇಕು. ನೀನು ಹೋದಾಗ ಆ ದಾರಗಳನ್ನು ನೋಡುತ್ತೀಯ. ಯಾಕೆ ಕಟ್ಟುತ್ತಾರೆಂದು ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ನಾನು ನಿವೃತ್ತಳಾಗುವ ಹೊತ್ತಿಗೆ ಪ್ರತಿಯೊಂದಕ್ಕೂ ಪಟ್ಟೆಪಟ್ಟೆಯ ಬಾರ್‌ಕೋಡ್ ಅಂಟಿಸಿ, ಫೋಟೋ ತೆಗೆದು ಕಂಪ್ಯೂಟರಿಗೆ ಹಾಕುವ ಕೆಲಸ ಶುರುವಾಗಿತ್ತು. ಆ ಎರಡು ಪೊಟ್ಟಣ ಬಂದಾಗ ಮೇಡಂ ಬೇರೆಯವರ ಕೈಗೆ ಕೊಡದೆ ನನ್ನ ಮೇಜಿನ ಮೇಲೆ ಇಟ್ಟು ಹೋದರು. ನಾನೇ ಅಂಟಿಸಿದೆ. ಚೀಟಿಯ ಫೋಟೋ ಕೂಡ ಹೋಗಿದೆ, ಹೇಮಂತ. ನೀನು ಫೋನಿನಲ್ಲಿ ಹುಡುಕಿದರೂ ಸಿಗುತ್ತದೇನೋ, ನನಗೆ ತಿಳಿಯದು.

ಸಿಂಚನಾ, ಆ ಕೆಲಸದಲ್ಲಿ ತಪ್ಪು ಆಗೇ ಆಗುತ್ತದೆ. ಆದರೆ ಆದ ದಿನವೇ ಹೇಳು, ಅಂಟು ಹಸಿ ಇರುವಾಗ. ಇಷ್ಟೇ ನನಗೆ ಹೇಳಲು ಇರುವುದು. ಆ ಪೊಟ್ಟಣ ಕೈಗೆ ಸಿಕ್ಕರೆ ಬಿಚ್ಚಿ ನೋಡು, ಜಾಲರಿಯ ತೊಗಟೆಯನ್ನೂ ನೋಡು, ಇದ್ದ ಹಾಗೆಯೇ ಮುಚ್ಚಿ ಇದ್ದ ಕಡೆಯೇ ಇಡು. ಅದಾದ ಮೇಲೆ ಇನ್ನೊಂದನ್ನು ಬಿಚ್ಚು.

ಈ ಹಾಳೆಗಳನ್ನು ಜೋಪಾನ ಮಾಡಿ. ಪಿನ್ನು ಹೊಡೆಯಬೇಡಿ, ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ಬೆವರುತ್ತದೆ. ಹತ್ತಿಬಟ್ಟೆಯಲ್ಲಿ ಸುತ್ತಿ ಗೋಡೆಗೆ ತಾಗದ ಹಾಗೆ ಇಡಿ. ಓದುವಾಗ ನಾನು ಏನಾದರೂ ತಪ್ಪಾಗಿ ನೆನಪಿಟ್ಟದ್ದು ಕಂಡರೆ ಅದನ್ನು ಹೊಡೆದು ಹಾಕಬೇಡಿ. ಕೆಳಗೆ ಒಂದು ಚೀಟಿ ಅಂಟಿಸಿ, ಸರಿ ಯಾವುದೆಂದು ಬರೆಯಿರಿ, ನಿಮ್ಮ ಹೆಸರು ಪೂರ್ತಿ ಹಾಕಿ.